ಹಕ್ಕು ಕಾದಿರಿಸಿದ ಪುಟ

ನನ್ನ ಅಂಗಡಿಯ ಕಂಪ್ಯೂಟರಿನಲ್ಲಿ ಒಂದು ಪುಟ ಯಾವಾಗಲೂ ಸಿದ್ಧವಾಗಿರುತ್ತದೆ. ಪುಸ್ತಕದ ಹೆಸರು, ಬರೆದವರ ಹೆಸರು, ವರ್ಷ, ಪುಟಗಳ ಸಂಖ್ಯೆ, ಇವಕ್ಕೆಲ್ಲ ಜಾಗ ಬಿಟ್ಟು ಕೆಳಗೆ ಎರಡು ಸಾಲು: 'ಎಲ್ಲ ಹಕ್ಕುಗಳನ್ನು ಕಾದಿರಿಸಲಾಗಿದೆ. ಅನುಮತಿಯಿಲ್ಲದೆ ಈ ಪುಸ್ತಕದ ಯಾವ ಭಾಗವನ್ನೂ ನಕಲು ಮಾಡಬಾರದು.' ಯಾವುದೋ ಹಳೆಯ ಪುಸ್ತಕವನ್ನು ನೋಡಿ ಟೈಪು ಮಾಡಿಟ್ಟುಕೊಂಡದ್ದು. ಕವನ ಸಂಕಲನವಾಗಲಿ, ದೇವಸ್ಥಾನದ ಬ್ರಹ್ಮಕಲಶದ ಸ್ಮರಣ ಸಂಚಿಕೆಯಾಗಲಿ, ಭಜನೆಯ ಪುಸ್ತಕವಾಗಲಿ, ಯಾರು ಬಂದರೂ ಎರಡನೆಯ ಪುಟಕ್ಕೆ ಅದನ್ನೇ ಹಾಕುತ್ತೇನೆ. ಅದು ಬೇಡವೆಂದವರು ಇಲ್ಲ. ಅಂಚೆ ಇಲಾಖೆಯಿಂದ ನಿವೃತ್ತರಾದ ಒಬ್ಬರು ಕವಿತೆ ಬರೆಯುವವರು, ಪ್ರೂಫ್ ನೋಡಲು ಬಂದಾಗ ಕವಿತೆಗಳಿಗಿಂತ ಮೊದಲು ಆ ಪುಟವನ್ನೇ ತೆರೆದು ನೋಡಿದ್ದರು.

"ಈ ಸಾಲು ಸ್ವಲ್ಪ ದಪ್ಪಕ್ಕೆ ಇರಲಿ ಮಾರಾಯ. ಯಾರಾದರೂ ಕದ್ದರೆ?"

ಅವರು ಹೋದ ಮೇಲೆ ಮೂಲೆಯ ಕುರ್ಚಿಯಲ್ಲಿ ಕೂತಿದ್ದ ನನ್ನ ಹೆಂಡತಿ, "ಕದಿಯುವವರು ಒಬ್ಬರು ಸಿಕ್ಕಿದರೆ ಅವರಿಗೆ ಅದಕ್ಕಿಂತ ಸಂತೋಷ ಬೇರೆ ಇಲ್ಲ" ಅಂದಳು.

ಆ ಕುರ್ಚಿ ಈಗಲೂ ಅಲ್ಲೇ ಉಂಟು. ಅದರ ಮೇಲೆ ಕಾಗದದ ಕಟ್ಟು ಇಡುತ್ತೇನೆ. ಖಾಲಿ ಇಟ್ಟರೆ ಯಾರಾದರೂ ಬಂದು ಕೂತುಬಿಡುತ್ತಾರೆ.

ಅಂಗಡಿ ಕಾಸರಗೋಡಿನಲ್ಲಿ, ಒಂದು ಕಾಲೇಜಿನ ಗೇಟಿನ ಎದುರು. ಎರಡು ಫೋಟೊಸ್ಟಾಟ್ ಯಂತ್ರ, ಒಂದು ಕಂಪ್ಯೂಟರ್. ನಾನು ಓದಿದ್ದು ಹತ್ತನೆಯ ತರಗತಿಯವರೆಗೆ. ಆಮೇಲೆ ಉಪ್ಪಳದಲ್ಲಿ ಟೈಪಿಂಗ್ ಕಲಿತೆ, ಅದರ ಹಿಂದಿನಿಂದ ಡಿಟಿಪಿ ಕಲಿತೆ. ಹೆಂಡತಿ ಎಂ.ಎ. ಓದಿದವಳು. ಮದುವೆಯಾದ ಆರನೆಯ ವರ್ಷ ಅದೇ ಕಾಲೇಜಿನಲ್ಲಿ ಅರ್ಥಶಾಸ್ತ್ರಕ್ಕೆ ಗೆಸ್ಟ್ ಲೆಕ್ಚರರ್ ಆಗಿ ಸೇರಿದಳು. ಮಧೂರಿನ ಹತ್ತಿರದ ಬಾಡಿಗೆ ಮನೆಯಿಂದ ಇಬ್ಬರೂ ಒಂದೇ ಬಸ್ಸಿನಲ್ಲಿ ಬರುತ್ತಿದ್ದೆವು. ನಮಗೆ ಮಕ್ಕಳಿರಲಿಲ್ಲ. ಕ್ಲಾಸು ಮುಗಿದರೆ ಅಂಗಡಿಗೆ ಬಂದು ಆ ಕುರ್ಚಿಯಲ್ಲಿ ಕೂತು ಉತ್ತರ ಪತ್ರಿಕೆ ತಿದ್ದುತ್ತಿದ್ದಳು. ಅಂಗಡಿಗೆ ಬಂದ ಮಕ್ಕಳು ನನ್ನನ್ನು ಅಣ್ಣ ಎಂದೂ ಅವಳನ್ನು ಟೀಚರ್ ಎಂದೂ ಕರೆಯುತ್ತಿದ್ದರು. ನಾವಿಬ್ಬರು ಮಾತಾಡುತ್ತಿದ್ದದ್ದು ತುಳು. ಇಲ್ಲಿ ಅದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅಷ್ಟೆ.

ಅಂಗಡಿಯ ನಿಜವಾದ ಸಂಪಾದನೆ ಕವಿಗಳಿಂದ ಬಂದದ್ದಲ್ಲ, ಕಾಲೇಜು ಶುರುವಾಗುವ ಮಳೆಗಾಲದಲ್ಲಿ ಬಂದದ್ದು. ಪಠ್ಯಪುಸ್ತಕಕ್ಕೆ ಎಷ್ಟು ಕೊಡಬೇಕಾಗುತ್ತದೆ ಎಂಬುದು ಮಕ್ಕಳಿರುವವರಿಗೆ ಗೊತ್ತು. ಹತ್ತು ಜನರಲ್ಲಿ ಒಬ್ಬ ಪುಸ್ತಕ ಕೊಳ್ಳುತ್ತಿದ್ದ, ಉಳಿದವರು ಅದನ್ನು ನನ್ನಲ್ಲಿಗೆ ತರುತ್ತಿದ್ದರು. ನಕಲು ಮಾಡಬಾರದು ಎಂದು ಅಚ್ಚಾಗಿರುವ ಪುಟವನ್ನೂ ಸೇರಿಸಿ ನಾನು ನಕಲು ಮಾಡಿ ಸ್ಪೈರಲ್ ಹಾಕಿ ಕೊಡುತ್ತಿದ್ದೆ. ಅದರಲ್ಲಿ ತಪ್ಪು ಉಂಟು ಎಂದು ನನಗೆ ಅನಿಸಿರಲೇ ಇಲ್ಲ.

ಒಂದು ವರ್ಷ ದೇಲಂಪಾಡಿ ಕಡೆಯಿಂದ ಎರಡು ಬಸ್ಸು ಬದಲಿಸಿ ಬರುವ ಹುಡುಗಿಯೊಬ್ಬಳು ಗೆಳತಿಯ ಪುಸ್ತಕ ತಂದಿದ್ದಳು.

"ಅಣ್ಣಾ, ಮೊದಲಿನ ಎರಡು ಪಾಠ ಮಾತ್ರ ಸಾಕು."

"ಎಲ್ಲ ತೆಗೆದರೆ ಸ್ವಲ್ಪ ಕಡಿಮೆ ಮಾಡ್ತೇನೆ."

"ಬೇಡ. ಉಳಿದದ್ದು ಆಮೇಲೆ."

ಕೆಲವು ವಾರ ಬಿಟ್ಟು ಮೂರನೆಯ ಪಾಠಕ್ಕೆ ಬಂದಳು. ಆ ದಿನ ಕುರ್ಚಿಯಲ್ಲಿ ಹೆಂಡತಿ ಇದ್ದಳು. ಹುಡುಗಿಯ ಕೈಯಲ್ಲಿದ್ದ ಹಳೆಯ ಹಾಳೆಗಳನ್ನು ತೆಗೆದು ನೋಡಿದಳು. ಪುಸ್ತಕ ಇಂಗ್ಲಿಷಿನದು, ಹುಡುಗಿ ಪ್ಲಸ್ ಟುವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಪ್ರತಿ ಸಾಲಿನ ಮೇಲೆ ಪೆನ್ಸಿಲಿನಲ್ಲಿ ಚಿಕ್ಕದಾಗಿ ಕನ್ನಡ ಅರ್ಥ ಬರೆದುಕೊಂಡಿದ್ದಳು. ಅರ್ಧಕ್ಕರ್ಧ ತಪ್ಪು. ಟೀಚರ್ ಎಂತ ಹೇಳುತ್ತಾಳೋ ಎಂದು ಹುಡುಗಿ ಅವಳ ಮುಖವನ್ನೇ ನೋಡುತ್ತಿದ್ದಳು. ಇವಳು ಹಾಳೆಗಳನ್ನು ಜೋಡಿಸಿ ಹಿಂದೆ ಕೊಟ್ಟಳು.

ನಾಲ್ಕನೆಯ ಪಾಠಕ್ಕೆ ಹುಡುಗಿ ಬರಲಿಲ್ಲ. ಮುಳ್ಳೇರಿಯದ ಒಂದು ಜವಳಿ ಅಂಗಡಿಗೆ ಕೆಲಸಕ್ಕೆ ಸೇರಿದ್ದಾಳೆ ಎಂದು ಆಮೇಲೆ ಗೊತ್ತಾಯಿತು.

"ಪುಸ್ತಕ ಇಲ್ಲದ್ದಕ್ಕೆ ಬಿಟ್ಟದ್ದು ಅಂತ ನಾನು ಹೇಳುವುದಿಲ್ಲ" ಎಂದು ಬಸ್ಸಿನಲ್ಲಿ ಹೆಂಡತಿ ಹೇಳಿದಳು. "ಆ ಹುಡುಗಿಯ ಮನೆಯಲ್ಲಿ ಬೇರೆ ತಾಪತ್ರಯವೂ ಉಂಟು. ಆದರೆ ಪುಸ್ತಕ ಇದ್ದಿದ್ದರೆ ಬಿಡಲಿಕ್ಕೆ ಒಂದು ಕಾರಣ ಕಡಿಮೆ ಆಗ್ತಿತ್ತು."

ಅದೇ ತಿಂಗಳು ಅವಳು ಇಂಟರ್ನೆಟ್ಟಿನಲ್ಲಿ ಒಂದು ಪುಸ್ತಕ ಹುಡುಕಿ ತೆಗೆದಳು. ಹೊರದೇಶದ ಕೆಲವು ಅಧ್ಯಾಪಕರು ಸೇರಿ ಬರೆದ ಅರ್ಥಶಾಸ್ತ್ರದ ಪಠ್ಯ, ಹದಿನಾಲ್ಕು ಅಧ್ಯಾಯ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಒಂದು ಪೈಸೆ ಕೊಡಬೇಕಾಗಿಲ್ಲ. ನನಗೆ ನಂಬಿಕೆ ಬರಲಿಲ್ಲ.

"ಅಷ್ಟು ಓದಿದವರು ಧರ್ಮಕ್ಕೆ ಯಾಕೆ ಕೊಡ್ತಾರೆ? ಎಂತದೋ ಉಂಟು ಅದರಲ್ಲಿ."

"ಎಂತದೂ ಇಲ್ಲ. ಷರತ್ತು ಇಲ್ಲಿಯೇ ಬರೆದಿದ್ದಾರೆ ನೋಡಿ. ಕಾಪಿ ಮಾಡಬಹುದು, ಹಂಚಬಹುದು, ಬೇರೆ ಭಾಷೆಗೆ ತರಬಹುದು, ಬೇಕಾದ ಹಾಗೆ ಬದಲಿಸಬಹುದು. ಬರೆದವರ ಹೆಸರು ಬಿಡಬಾರದು. ನಾವು ಮಾಡಿದ್ದನ್ನೂ ಹೀಗೆಯೇ ಬೇರೆಯವರಿಗೆ ಬಿಟ್ಟುಕೊಡಬೇಕು."

"ಅಷ್ಟೆಯಾ?"

"ಅಷ್ಟೇ. ನಿಮ್ಮ ಮೆಷಿನಿಗೆ ಒಂದು ದಿವಸವಾದರೂ ಕದಿಯದ ಕಾಗದ ತಿನ್ನಿಸುವ ಮಾರಾಯ್ರೇ."

ಕೆಟ್ಟುಹೋದ ಫೋಟೊಸ್ಟಾಟ್ ಹಾಳೆಗಳನ್ನು ನಾನು ಎಸೆಯುವುದಿಲ್ಲ, ಅವುಗಳ ಹಿಂದಿನ ಮಗ್ಗುಲು ಖಾಲಿ ಇರುತ್ತದೆ. ಅವಳು ಅದರಲ್ಲಿ ಕೈಯಲ್ಲಿ ಬರೆಯುತ್ತಿದ್ದಳು, ಗಿರಾಕಿಗಳಿಲ್ಲದ ಹೊತ್ತಿನಲ್ಲಿ ನಾನು ಟೈಪು ಮಾಡುತ್ತಿದ್ದೆ. ಕನ್ನಡದಲ್ಲಿ ವಿಷಯ, ಮುಖ್ಯ ಪದಗಳ ಪಕ್ಕದಲ್ಲಿ ಇಂಗ್ಲಿಷು. ಅರ್ಥವಾಗುವುದು ಕನ್ನಡದಲ್ಲಿ ಆಗಲಿ, ಪರೀಕ್ಷೆ ಬೇಕಾದರೆ ಇಂಗ್ಲಿಷಿನಲ್ಲಿ ಬರೆಯಲಿ ಎಂಬುದು ಅವಳ ಲೆಕ್ಕಾಚಾರ. ಮೂಲದಲ್ಲಿದ್ದ ಉದಾಹರಣೆಗಳನ್ನೆಲ್ಲ ಬದಲಿಸಿದಳು. ಬೇಡಿಕೆ ಮತ್ತು ಪೂರೈಕೆಯ ಪಾಠಕ್ಕೆ ಬೂತಾಯಿ ಮೀನು ಬಂತು: ಮಳೆಗಾಲದಲ್ಲಿ ದೊಡ್ಡ ಬೋಟುಗಳು ಕಡಲಿಗೆ ಇಳಿಯದಿದ್ದಾಗ ಅದರ ಕ್ರಯ ಎಲ್ಲಿಗೆ ಹೋಗುತ್ತದೆ, ಬೋಟು ಇಳಿದ ವಾರ ಎಲ್ಲಿಗೆ ಬರುತ್ತದೆ. ಗಲ್ಫಿನಿಂದ ಬರುವ ಹಣಕ್ಕೆ ಒಂದು ಇಡೀ ಪುಟ.

"ಪರೀಕ್ಷೆಯಲ್ಲಿ ಬೂತಾಯಿ ಅಂತ ಬರೆದರೆ ಮಾರ್ಕು ಸಿಗ್ತದಾ?" ಎಂದು ಕೇಳಿದೆ.

"ಯಾರೂ ಕೊಡದಿದ್ದರೆ ನಾನು ಕೊಡ್ತೇನೆ."

"ಮತ್ತೆ ಇದು ಎಲ್ಲರಿಗೂ ಸಿಕ್ಕಿದರೆ ನನ್ನ ಅಂಗಡಿಗೆ ಯಾರು ಬರ್ತಾರೆ?"

"ಪ್ರಿಂಟ್ ತೆಗೆಯಲಿಕ್ಕೆ ಬರ್ತಾರೆ. ಬಾರದಿದ್ದರೆ ನಾನು ಉಂಟಲ್ಲ, ಬಂದು ಕೂತುಕೊಳ್ತೇನೆ."

ಆ ಎರಡು ವರ್ಷ ನಾನು ಟೈಪು ಮಾಡಿದಷ್ಟು ಸಂತೋಷದಿಂದ ಮೊದಲೂ ಆಮೇಲೂ ಮಾಡಿಲ್ಲ. ಒಂದು ವಿಷಯ ನನಗೆ ಅರ್ಥವಾದರೆ ಮಕ್ಕಳಿಗೆ ಖಂಡಿತ ಅರ್ಥವಾಗುತ್ತದೆ ಎಂದು ಅವಳ ಅಭಿಪ್ರಾಯ. ಅರ್ಥವಾಗದ ಕಡೆ ನಾನು ಕೈ ಎತ್ತುತ್ತಿದ್ದೆ, ಅವಳು ಬಂದು ಆ ಸಾಲನ್ನು ಹೊಡೆದು ಹೊಸತು ಬರೆಯುತ್ತಿದ್ದಳು. ಹಾಗೆ ಹನ್ನೆರಡು ಅಧ್ಯಾಯ ಮುಗಿಯಿತು. ಮುನ್ನುಡಿಯನ್ನೂ ಬರೆದಿಟ್ಟಳು. ಅಷ್ಟರಲ್ಲಿ ಅವಳ ಕಾಯಿಲೆ ಗೊತ್ತಾಯಿತು.

ಮಂಗಳೂರಿನ ಆಸ್ಪತ್ರೆಗೆ ಹೋಗಿ ಬರುವುದು ಹತ್ತು ತಿಂಗಳು ನಡೆಯಿತು. ಅದನ್ನು ವಿವರವಾಗಿ ಬರೆಯುವ ಶಕ್ತಿ ನನಗಿಲ್ಲ. ರೈಲಿನಲ್ಲಿ ಕಿಟಕಿಯ ಬದಿ ಕೂತು ಪ್ರೂಫ್ ನೋಡುತ್ತಿದ್ದಳು. ಆಸ್ಪತ್ರೆಯ ಹಾಸಿಗೆಯಲ್ಲಿ ಒಂಬತ್ತನೆಯ ಅಧ್ಯಾಯ ನೋಡುವಾಗ ಪೆನ್ನು ಕೈಯಿಂದ ಬಿತ್ತು. ನಾನು ಎತ್ತಿ ಕೊಟ್ಟೆ. ಅವಳು ತೆಗೆದುಕೊಳ್ಳಲಿಲ್ಲ. "ಉಳಿದದ್ದು ನೀವು ನೋಡಿ. ಬೇಗ ಹೊರಗೆ ಬಿಡಿ, ಜೂನಿಗೆ ಮಕ್ಕಳು ಬರ್ತಾರೆ" ಅಂದಳು.

ಜೂನು ಅವಳಿಗೆ ಸಿಗಲಿಲ್ಲ.

ಉತ್ತರಕ್ರಿಯೆಯ ಬೊಜ್ಜದ ಊಟ ಮುಗಿದು ನೆಂಟರೆಲ್ಲ ಹಿಂದಿರುಗಿದ ಮಾರನೆಯ ದಿನ ನಾನು ಅಂಗಡಿ ತೆರೆದೆ. ಬೇರೆ ಎಲ್ಲಿಗೆ ಹೋಗುವುದು ಎಂದು ಗೊತ್ತಿರಲಿಲ್ಲ. ಹನ್ನೆರಡು ಅಧ್ಯಾಯಗಳನ್ನು ಜೋಡಿಸಿ ಪುಸ್ತಕ ಮಾಡಲು ಕೂತೆ. ಮುಖಪುಟದ ಒಳಗೆ ಅವಳ ಫೋಟೊ. ಎರಡನೆಯ ಪುಟಕ್ಕೆ ನನ್ನ ಸಿದ್ಧ ಪುಟ. ಅವಳ ಹೆಸರು ಟೈಪು ಮಾಡಿದೆ, ವರ್ಷ ಹಾಕಿದೆ. ಕೆಳಗಿನ ಆ ಎರಡು ಸಾಲು ತಮ್ಮಷ್ಟಕ್ಕೆ ಅಲ್ಲಿ ಇದ್ದವು.

ಅಭ್ಯಾಸದಿಂದ ಆದದ್ದು ಎಂದು ಹೇಳಿದರೆ ಅರ್ಧ ಮಾತ್ರ ನಿಜ. ನಾನು ಅದನ್ನು ಓದಿದೆ. ಇಷ್ಟು ವರ್ಷದಲ್ಲಿ ಮೊದಲ ಸಲ ಆ ಸಾಲುಗಳ ಅರ್ಥ ಮನಸ್ಸಿಗೆ ಬಂತು. ಯಾರೂ ಮುಟ್ಟಬಾರದು, ಯಾವ ಭಾಗವನ್ನೂ ಯಾರೂ ತೆಗೆದುಕೊಂಡು ಹೋಗಬಾರದು. ಆಗ ನನಗೆ ಬೇಕಾದದ್ದೂ ಅದೇ ಆಗಿತ್ತು. ಅಳಿಸಲಿಲ್ಲ. ಕವಿಗಳು ಕೇಳುತ್ತಿದ್ದ ಹಾಗೆ ಸ್ವಲ್ಪ ದಪ್ಪ ಮಾಡಿದೆ.

ಆ ಪುಸ್ತಕವನ್ನು ನಾನು ಅಂಗಡಿಯಲ್ಲೇ ಇಟ್ಟೆ. ಹಣ ತೆಗೆದುಕೊಳ್ಳುತ್ತಿರಲಿಲ್ಲ. ಕೇಳಿ ಬಂದವರಿಗೆ ಕೈಯಲ್ಲಿ ಕೊಡುತ್ತಿದ್ದೆ, ಮುಗಿದರೆ ಪುನಃ ಕೆಲವು ಪ್ರತಿ ತೆಗೆಯುತ್ತಿದ್ದೆ. ಧರ್ಮಕ್ಕೆ ಕೊಡುತ್ತಿದ್ದೇನೆ, ಅವಳ ಮಾತು ನಡೆಸಿದ್ದೇನೆ ಎಂದು ನನ್ನ ತಿಳುವಳಿಕೆ. ಮಕ್ಕಳು ಬಂದು "ಟೀಚರದ್ದು ಪುಸ್ತಕ ಉಂಟಾ ಅಣ್ಣಾ?" ಎಂದು ಕೇಳುತ್ತಿದ್ದರು. ಕೆಲವರು ನಿಂತು, ಟೀಚರ್ ಕ್ಲಾಸಿನಲ್ಲಿ ಹಾಗೆ ಹೇಳಿದ್ದರು, ಹೀಗೆ ಬೈದಿದ್ದರು ಎಂದು ಎರಡು ಮಾತು ಆಡುತ್ತಿದ್ದರು. ಇಡೀ ದಿನದಲ್ಲಿ ಅವಳ ವಿಷಯ ಯಾರಾದರೂ ನನ್ನ ಹತ್ತಿರ ಮಾತಾಡುತ್ತಿದ್ದರೆ ಅದು ಮಾತ್ರ. ಅಂಗಡಿಯಲ್ಲಿ ಗಿರಾಕಿಗಳ ಜೊತೆ ಮಲಯಾಳ, ಕನ್ನಡ ಆಗುತ್ತಿತ್ತು. ಮನೆಯಲ್ಲಿ ಮಾತು ಇಲ್ಲ. ಒಮ್ಮೆ ಅಕ್ಕಿ ತೊಳೆಯುವಾಗ, ನಾನು ತುಳುವಿನಲ್ಲಿ ಒಂದು ಶಬ್ದ ಆಡದೆ ಎಂಟು ದಿನ ಆಯಿತು ಎಂದು ಲಕ್ಷ್ಯಕ್ಕೆ ಬಂತು. ಪಾತ್ರೆಗೆ ಮುಖ ಮಾಡಿ ಒಂದು ಮಾತು ಹೇಳಿ ನೋಡಿದೆ. ನನ್ನ ಸ್ವರ ನನಗೇ ಸರಿ ಕಾಣಲಿಲ್ಲ.

ಹೀಗೆ ಒಂದು ವರ್ಷ ಕಳೆದು ಎರಡನೆಯ ಜೂನು ಬರುವುದರಲ್ಲಿತ್ತು. ಒಂದು ದಿನ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಘಟ್ಟದ ಮೇಲಿನ ಒಂದು ಸಣ್ಣ ಊರಿನ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವ ಮೇಷ್ಟ್ರು. ಕಾಸರಗೋಡಿನ ನೆಂಟರ ಮನೆಯಿಂದ ಅವರ ವಿದ್ಯಾರ್ಥಿನಿಯೊಬ್ಬಳು ಪುಸ್ತಕ ಒಯ್ದಿದ್ದಳಂತೆ.

"ಸಾರ್, ಮೊದ್ಲು ಒಂದು ಪ್ರಶ್ನೆ. ಬೂತಾಯಿ ಅಂದ್ರೆ ಏನು?"

"ಮೀನು."

"ಮೀನು ಅಂತ ಗೊತ್ತಾಯ್ತು ಸಾರ್, ಎಂಥಾ ಮೀನು? ಮಕ್ಕಳು ಕೇಳ್ತಾರೆ."

"ಸಣ್ಣದು. ಮತ್ತಿ ಅಂತಲೂ ಹೇಳ್ತಾರೆ. ಎಲ್ಲರೂ ತಿನ್ನುವಂಥದ್ದು."

"ಸರಿ. ಈಗ ಎರಡನೇ ಪ್ರಶ್ನೆ. ಮೇಡಂ ಮುನ್ನುಡೀಲಿ, ಇದನ್ನ ಯಾರು ಬೇಕಾದ್ರೂ ನಕಲು ಮಾಡಿ ಹಂಚಿ, ಬದಲಾಯಿಸಿ ಅಂತ ಬರೆದಿದ್ದಾರೆ. ಅದರ ಹಿಂದಿನ ಪುಟದಲ್ಲೇ ನಕಲು ಮಾಡಬಾರದು ಅಂತ ದಪ್ಪಕ್ಷರದಲ್ಲಿ ಇದೆ. ನಾನು ಯಾವುದನ್ನ ನಂಬೋದು?"

ಎದುರಿನಲ್ಲಿ ಯಂತ್ರ ಒಂದೇ ಸಮನೆ ಹಾಳೆ ಹೊರಹಾಕುತ್ತಿತ್ತು.

"ಹೋದ ವರ್ಷವೇ ಕೈಗೆ ಬಂದಿತ್ತು ಸಾರ್. ಆ ಸಾಲು ನೋಡಿ ಹೆದರಿದೆ. ಯಾರಾದ್ರೂ ಕೇಸು ಗೀಸು ಹಾಕಿದ್ರೆ ಅಂತ. ಹೋದ ವರ್ಷದ ಮಕ್ಕಳಿಗೆ ಕೊಡಲೇ ಇಲ್ಲ. ಅಪ್ಪಣೆ ಕೊಟ್ರೆ ಈ ವರ್ಷ ಎಲ್ಲರ ಮೊಬೈಲಿಗೂ ಹಾಕ್ತೀನಿ. ಕೊನೇ ಎರಡು ಅಧ್ಯಾಯ ಬಾಕಿ ಇದೆಯಲ್ಲ, ಅದನ್ನ ನಾನು ಮಾಡೋಣ ಅಂತಿದ್ದೀನಿ."

"ಯೋಚಿಸಿ ಹೇಳ್ತೇನೆ" ಎಂದು ಫೋನು ಇಟ್ಟೆ.

ಯೋಚಿಸುವುದಕ್ಕೆ ಏನೂ ಇರಲಿಲ್ಲ. ಅವಳಿಗೆ ಬೇಕಾದದ್ದು ಏನು ಎಂದು ನನ್ನಷ್ಟು ಗೊತ್ತಿದ್ದವರು ಬೇರೆ ಯಾರಿದ್ದಾರೆ? ಆದರೂ ಹತ್ತು ದಿನ ನಾನು ಆ ನಂಬರಿಗೆ ಫೋನು ಮಾಡಲಿಲ್ಲ. ಎಲ್ಲರ ಮೊಬೈಲಿಗೆ ಪುಸ್ತಕ ಹೋದರೆ ಅದನ್ನು ಕೇಳಿಕೊಂಡು ಅಂಗಡಿಗೆ ಯಾರು ಬರುತ್ತಾರೆ? ಟೀಚರ್ ಎಂಬ ಶಬ್ದ ಅಲ್ಲಿ ಇನ್ನು ಯಾರ ಬಾಯಿಂದ ಬರುತ್ತದೆ? ಇನ್ನು ಆ ಎರಡು ಅಧ್ಯಾಯ. ಅವುಗಳ ಇಂಗ್ಲಿಷ್ ಹಾಳೆಗಳು ಅವಳು ಕೊನೆಗೆ ಇಟ್ಟ ಹಾಗೆಯೇ, ಮೇಲೆ ಅವಳ ಕನ್ನಡಕದ ಪೆಟ್ಟಿಗೆಯ ಸಮೇತ, ಮನೆಯ ಕಪಾಟಿನಲ್ಲಿ ಇದ್ದವು. ಬೇರೆಯವರು ಬರೆದು ಮುಗಿಸಿದರೆ ಅವಳು ಬರೆಯಬೇಕಾದದ್ದು ಬಾಕಿ ಉಂಟು ಎಂದು ಹೇಳಲು ನನಗೆ ಆಗುವುದಿಲ್ಲ. ಹೋದ ವರ್ಷದ ಮಕ್ಕಳಿಗೆ ಕೊಡಲೇ ಇಲ್ಲ ಎಂದ ಮೇಷ್ಟ್ರ ಮಾತು ಮಾತ್ರ ಕಿವಿಯಿಂದ ಹೋಗಲಿಲ್ಲ. ದೇಲಂಪಾಡಿಯ ಹುಡುಗಿಯ ಪೆನ್ಸಿಲ್ ಅಕ್ಷರ ನೆನಪಿಗೆ ಬರುತ್ತಿತ್ತು. ಘಟ್ಟದ ಮೇಲೆಯೂ ಅಂಥ ಒಬ್ಬಳು ಇದ್ದಿರಬಹುದು. ಅವಳ ಕಾಲೇಜಿಗೆ ಪುಸ್ತಕ ಬಂದಿತ್ತು. ಕೊಡಬೇಡಿ ಎಂದು ದಪ್ಪಕ್ಷರದಲ್ಲಿ ಬರೆದವನು ನಾನು.

ಒಂದು ಭಾನುವಾರ ಬೆಳಿಗ್ಗೆ ನನಗೆ ಮಜ್ಜಿಗೆ ಕುಡಿಯಬೇಕೆಂದು ತುಂಬ ಅನಿಸಿತು. ಆಸ್ಪತ್ರೆಯ ದಿನಗಳಲ್ಲಿ ನಮ್ಮ ಮನೆಯ ಹೆಪ್ಪು ತಪ್ಪಿಹೋಗಿತ್ತು. ಆಮೇಲೆ ನಾನು ಹಾಲು ಹೆಪ್ಪು ಹಾಕಿದ್ದೇ ಇಲ್ಲ. ಅಂಗಡಿಯ ಪ್ಯಾಕೆಟ್ ಮೊಸರು ನನಗೆ ಆಗುವುದಿಲ್ಲ. ಒಂದು ಲೋಟ ಹಿಡಿದುಕೊಂಡು ಪಕ್ಕದ ಮನೆಗೆ ಹೋದೆ. ಆ ಮನೆಯ ಅಕ್ಕ ತುಳುವಿನವರೇ. ಹೆಂಡತಿ ಹೋದ ಮೇಲೆ ಅವರ ಎದುರು ಹೋಗಿ ನಿಲ್ಲಲು ನನಗೆ ಹೇಗೋ ಆಗುತ್ತಿತ್ತು, ಗೇಟಿನಲ್ಲಿ ಕಂಡರೂ ತಲೆ ಅಲ್ಲಾಡಿಸಿ ದಾಟಿಬಿಡುತ್ತಿದ್ದೆ.

"ಸ್ವಲ್ಪ ಹೆಪ್ಪು ಬೇಕಿತ್ತು ಅಕ್ಕಾ."

ಅವರು ಲೋಟ ತೆಗೆದುಕೊಂಡು ಒಳಗೆ ಹೋಗಿ ಎರಡು ಚಮಚ ಹಾಕಿ ತಂದರು.

"ಇದನ್ನು ಕೇಳಲಿಕ್ಕೆ ಇಷ್ಟು ಸಮಯ ಬೇಕಾಯ್ತಾ ನಿಮಗೆ? ಇದು ನಿಮ್ಮ ಮನೆಯದ್ದೇ ಹೆಪ್ಪು."

"ನಮ್ಮ ಮನೆಯದ್ದಾ?"

"ಮತ್ತೆಂತ. ನಾವು ಮಗಳ ಮನೆಗೆ ಹೋಗಿ ಒಂದು ತಿಂಗಳು ಬಿಟ್ಟು ಬಂದಾಗ ನಮ್ಮದು ಹೋಗಿತ್ತು. ಆಗ ಟೀಚರ್ ಕೊಟ್ಟದ್ದು. ಅಂದಿನಿಂದ ಅದೇ ನಡೀತಾ ಉಂಟು. ಆಚೆ ಮನೆಯವರೂ ಇದನ್ನೇ ತಗೊಂಡು ಹೋದದ್ದು."

ನಾನು ಲೋಟದ ಮೇಲೆ ಕೈ ಮುಚ್ಚಿ ಹಿಡಿದು ಮನೆಗೆ ಬಂದೆ. ಹಾಲು ಕಾಯಿಸಿ, ಆರಿಸಿ, ಹೆಪ್ಪು ಹಾಕಿದೆ. ಮೊಸರಾಗುವವರೆಗೆ ಕಾಯಲಿಲ್ಲ. ಭಾನುವಾರ ಅಂಗಡಿಗೆ ರಜೆ. ಬಸ್ಸು ಹಿಡಿದು ಹೋಗಿ ಬಾಗಿಲು ಅರ್ಧ ಎತ್ತಿ ಒಳಗೆ ಕೂತೆ.

ಆ ಪುಟ ತೆರೆದು ಎರಡು ಸಾಲು ಅಳಿಸಿದೆ. ಅಳಿಸಲು ಎಷ್ಟು ಹೊತ್ತು ಬೇಕು? ಒಂದು ಕ್ಷಣ. ಅಲ್ಲಿ ಏನು ಬರೆಯಬೇಕು ಎಂದು ಅವಳ ಮುನ್ನುಡಿಯಿಂದಲೇ ತೆಗೆದುಕೊಂಡೆ: ಯಾರು ಬೇಕಾದರೂ ನಕಲು ಮಾಡಬಹುದು, ಹಂಚಬಹುದು, ಬದಲಿಸಬಹುದು, ಮುಂದುವರಿಸಬಹುದು. ಮೂಲ ಬರೆದವರ ಹೆಸರನ್ನೂ ಕನ್ನಡಕ್ಕೆ ತಂದವರ ಹೆಸರನ್ನೂ ಬಿಡಬಾರದು. ಮುಂದಿನವರಿಗೂ ಹೀಗೆಯೇ ಕೊಡಬೇಕು. ಬಳಿಕ ಘಟ್ಟದ ಮೇಲಿನ ಮೇಷ್ಟ್ರಿಗೆ ಫೋನು ಮಾಡಿದೆ.

"ಆ ದಪ್ಪಕ್ಷರದ್ದು ನನ್ನ ತಪ್ಪು. ಅವಳದ್ದಲ್ಲ. ಮುನ್ನುಡಿಯನ್ನು ನಂಬಿ. ಫೈಲು ಕಳಿಸ್ತೇನೆ, ಕೊನೆಯ ಎರಡು ಅಧ್ಯಾಯದ ಅವಳ ಹಾಳೆಗಳನ್ನೂ ಅಂಚೆಯಲ್ಲಿ ಕಳಿಸ್ತೇನೆ. ಅಂಚಿನಲ್ಲಿ ಕೆಲವು ಶಬ್ದ ಗುರುತು ಹಾಕಿದ್ದಾಳೆ, ನಿಮಗೆ ಉಪಯೋಗಕ್ಕೆ ಬಂದೀತು."

"ತುಂಬ ಉಪಕಾರ ಸಾರ್."

"ಹೆಸರು ಹಾಕ್ತೀರಲ್ಲ?"

"ಹಾಕದೆ ಇರೋಕೆ ಬರಲ್ಲ ಸಾರ್. ಷರತ್ತಿನಲ್ಲಿ ಮೊದಲನೇದೇ ಅದು."

ಹಾಳೆ ಕಳಿಸುವ ಮೊದಲು ಒಂದು ಫೋಟೊಸ್ಟಾಟ್ ತೆಗೆದಿಟ್ಟುಕೊಂಡೆ. ಕನ್ನಡಕದ ಪೆಟ್ಟಿಗೆ ಕಪಾಟಿನಲ್ಲೇ ಉಳಿಯಿತು.

ನಾನು ಹೆದರಿದ ಹಾಗೆಯೇ ಆಯಿತು. ಫೈಲು ಒಂದು ಮೊಬೈಲಿನಿಂದ ಇನ್ನೊಂದಕ್ಕೆ ಹೋಗುತ್ತ ಆ ಜೂನಿನಲ್ಲಿ ನಮ್ಮ ಕಾಲೇಜಿನ ಮಕ್ಕಳಿಗೂ ಸಿಕ್ಕಿತು. ಪುಸ್ತಕ ಉಂಟಾ ಎಂದು ಯಾರೂ ಬರಲಿಲ್ಲ. ಅವಳು ಕಲಿಸಿದ ಕೊನೆಯ ತಂಡದವರೂ ಪರೀಕ್ಷೆ ಮುಗಿಸಿ ಹೋಗಿದ್ದರು. ಹೊಸದಾಗಿ ಬಂದವರಿಗೆ ಅವಳು ಗೊತ್ತಿಲ್ಲ. ಅವರು ನನ್ನನ್ನು ಅಂಕಲ್ ಎನ್ನುತ್ತಾರೆ. ಮಧ್ಯಾಹ್ನದ ಹೊತ್ತು ಯಂತ್ರ ನಿಲ್ಲಿಸಿದರೆ ಗೇಟಿನ ಹತ್ತಿರ ಬಸ್ಸಿಗೆ ಕಾಯುವವರ ಮಾತು ಅಂಗಡಿಯ ಒಳಗಿನವರೆಗೆ ಕೇಳುತ್ತದೆ, ಅಷ್ಟು ಖಾಲಿ ಇರುತ್ತದೆ.

ಮೊನ್ನೆ ಅಂಥದೇ ಹೊತ್ತಿನಲ್ಲಿ ಕುಂಬಳೆ ಕಡೆಯ ಒಬ್ಬಳು ಹುಡುಗಿ ಮೊಬೈಲು ಹಿಡಿದು ಬಂದಳು. ಅವಳ ಅಣ್ಣನಿಗೂ ಇದೇ ಫೋನು ಬೇಕಂತೆ, ಅದಕ್ಕೆ ಪಾಠ ಕಾಗದದಲ್ಲಿ ಬೇಕು. ಫೈಲು ಕಳಿಸಿದಳು. ತೆರೆದೆ. ಹದಿನಾಲ್ಕು ಅಧ್ಯಾಯ ಇತ್ತು. ಹೊರದೇಶದವರ ಹೆಸರುಗಳು, ಅದರ ಕೆಳಗೆ ನನ್ನ ಹೆಂಡತಿಯ ಹೆಸರು, ಅದರ ಕೆಳಗೆ ಕೊನೆಯ ಎರಡು ಅಧ್ಯಾಯ ಮಾಡಿದವರ ಹೆಸರು. ಬೂತಾಯಿಯ ಪಾಠ ಹಾಗೆಯೇ ಇತ್ತು. ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಟಿಪ್ಪಣಿ: ಕರಾವಳಿಯ ಸಣ್ಣ ಮೀನು, ಎಲ್ಲರೂ ತಿನ್ನುವಂಥದ್ದು.

"ಅಂಕಲ್, ಮೊದಲಿನ ನಾಲ್ಕು ಪಾಠ ಮಾತ್ರ" ಎಂದಳು ಹುಡುಗಿ. "ಆ ಎರಡನೇ ಪುಟ ಬೇಡ. ಅದರಲ್ಲಿ ಬರೀ ಹೆಸರು ಇರುದಲ್ವಾ? ಸುಮ್ಮನೆ ಒಂದು ಕಾಗದ."

"ಅದು ಬೇಕು."

"ಪರೀಕ್ಷೆಗೆ ಅದು ಬರ್ಲಿಕ್ಕಿಲ್ಲ ಅಂಕಲ್."

"ಬರ್ಲಿಕ್ಕಿಲ್ಲ. ಆದರೂ ಅದನ್ನು ಬಿಟ್ಟು ಕೊಡ್ಲಿಕ್ಕೆ ಆಗುದಿಲ್ಲ. ಆ ಕಾಗದಕ್ಕೆ ದುಡ್ಡು ಬೇಡ."

ಅವಳು ನನ್ನನ್ನು ಒಂದು ತರಹ ನೋಡಿ, ಸರಿ ಎಂಬಂತೆ ತಲೆ ಆಡಿಸಿದಳು. ಮಳೆ ಹನಿಯುತ್ತಿತ್ತು. ಕುರ್ಚಿಯ ಮೇಲಿನ ಕಾಗದದ ಕಟ್ಟನ್ನು ತೆಗೆದು ಕೆಳಗಿಟ್ಟು, ಕೂತುಕೋ, ಸ್ವಲ್ಪ ಹೊತ್ತು ಆಗ್ತದೆ ಎಂದೆ. ಅವಳು ಕೂತಳು. ನಾನು ಆ ಪುಟದಿಂದಲೇ ಶುರು ಮಾಡಿದೆ.